ಯಂತ್ರ ಓಡುವಾಗ ಲೋಟ ಕೇಳುತ್ತದೆಯೇ

ಚಿನ್ನಿ, ಗುಂಡಾ, ನೀವಿಬ್ಬರೂ ನಿಮ್ಮ ಮುತ್ತಜ್ಜಿಯನ್ನು ನೋಡಿಲ್ಲ. ಅವರು ನನ್ನ ಅತ್ತೆ. ಅವರ ಮಾತು ನಿಂತುಹೋದ ಮೇಲೆ ದಾವಣಗೆರೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಲು ಕೂತಿದ್ದೇನೆ. ನಿಮ್ಮ ಅಜ್ಜ ಇದ್ದಿದ್ದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಇಂಜಿನಿಯರು ಹೇಳಿದ್ದು ನನಗೆ ಆಗ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ.

ಆನೆಕೊಂಡದ ಕಡೆ ಹೋಗುವ ದಾರಿಯಲ್ಲಿ ನಮ್ಮದು ಹಂಚಿನ ಸಾಲುಮನೆ. ಮುಂದೆ ಪಡಸಾಲೆ, ಅದರ ಪಕ್ಕ ಅಡಿಗೆ ಮನೆ, ಎಲ್ಲಕ್ಕಿಂತ ಹಿಂದೆ ಅತ್ತೆಯ ಕೋಣೆ. ಕೋಣೆಯ ಗೋಡೆಯಾಚೆ ಹತ್ತಿಯ ದೊಡ್ಡ ಮೂಟೆಗಳನ್ನು, ನಾವು ಅಂಡಿಗೆ ಅನ್ನುವುದನ್ನು, ಒಟ್ಟುವ ಬಯಲು. ಅತ್ತೆಗೆ ಲಕ್ವ ಹೊಡೆದು ನಾಲಿಗೆಯೂ ಬಲಗೈಯೂ ಹೋಗಿದ್ದವು. ಎಡಗೈಯಲ್ಲಿ ಒಂದಿಷ್ಟು ಜೀವ ಉಳಿದಿತ್ತು. ಆ ಕೈಯಲ್ಲಿ ಒಂದು ಹಿತ್ತಾಳೆ ಲೋಟ ಹಿಡಿದು ಮಂಚದ ಕಬ್ಬಿಣದ ಕಾಲಿಗೆ ಬಡಿದರೆ ನನ್ನನ್ನು ಕರೆದಂತೆ. ಸದ್ದು ಬಹಳ ಸಣ್ಣದು. ಒಲೆಯ ಮುಂದೆ ಇದ್ದರೂ, ಒರಳು ತಿರುಗಿಸುತ್ತಿದ್ದರೂ ನನ್ನ ಕಿವಿ ಅದನ್ನು ಹಿಡಿಯುತ್ತಿತ್ತು. ಒಮ್ಮೆ ಅವರಿಗೆ ಗಂಟಲಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಾಗ ಆ ಸದ್ದು ಕೇಳಿ ಓಡಿದ್ದೆ. ಮಗ್ಗುಲು ಹೊರಳಿಸಿ ಬೆನ್ನು ತಟ್ಟಿದ ಮೇಲೆ ಉಸಿರು ಬಂತು. ಸ್ವಲ್ಪ ತಡವಾಗಿದ್ದರೆ ಅವರು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅವತ್ತಿನಿಂದ ನಾನು ಕಿವಿ ಆ ಕಡೆ ಇಟ್ಟೇ ಕೆಲಸ ಮಾಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಆ ಬಯಲಿನಲ್ಲಿ ಹತ್ತಿ ಕಂಪನಿಯವರು ದೊಡ್ಡ ಆಫೀಸು ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಆಫೀಸಿಗೆಲ್ಲ ತಣ್ಣನೆ ಗಾಳಿ ಕೊಡುವ ಯಂತ್ರವೊಂದು ಬರುತ್ತದೆ, ಅದು ಕೂರುವುದು ಅತ್ತೆಯ ಗೋಡೆಯ ಹಿಂದೆಯೇ, ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ ಎಂದರು. ನಿಮ್ಮ ಅಜ್ಜ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು. ಯಾರಿಗೂ ಎದುರಾಡದ ಮನುಷ್ಯ. ಆದರೆ ತಾಯಿಯ ವಿಷಯ ನೋಡಿ, ಮುನಿಸಿಪಾಲಿಟಿಗೆ ಹೋಗಿ ತಕರಾರು ಹೇಳಿ ಬಂದರು. ಸ್ವಲ್ಪ ದಿನದ ಮೇಲೆ ಊಟಕ್ಕೆ ಕೂತಾಗ ಅಂದರು:

"ಹರಿಹರದಾಗ ಆ ಯಂತ್ರ ಮಾಡೋ ಕಾರ್ಖಾನೆಯಿಂದ ಇಂಜಿನಿಯರ್ ಬರ್ತಾನಂತೆ. ಅಂಥದೇ ಯಂತ್ರಾನ ಲಾರಿ ಮ್ಯಾಲ ತಂದು ನಮ್ಮ ಗೋಡೆ ಹಿಂದೆ ಓಡಿಸಿ, ಸದ್ದು ಎಷ್ಟು ಐತೆ ಅಂತ ಅಳೀತಾನಂತೆ."

"ಸದ್ದು ಅಳೆಯಾದು ಹೆಂಗ್ರೀ? ಸೇರಿನಾಗಾ?"

"ನಂಗೇನ್ ಗೊತ್ತು? ಸಾರು ಹಾಕು."

ಇಂಜಿನಿಯರು ಬರುವ ಸುದ್ದಿ ಸಾಲಿನಲ್ಲೆಲ್ಲ ಹರಡಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಆಯಿತು. ಯಾವ ಮನೆಯಲ್ಲಿ ಗಲಾಟೆ ಜಾಸ್ತಿ ಎಂದು ನೋಡಿ ದಂಡ ಹಾಕುತ್ತಾರಂತೆ ಎಂದು ಕೆಲವರು. ಹಾಗಲ್ಲ, ಆರೋಗ್ಯ ಇಲಾಖೆಯವರು, ಕಾಯಿಲೆಯವರನ್ನು ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಾರೋ ಎಂದು ತಪಾಸಣೆಗೆ ಬರುವುದು ಎಂದು ಕೆಲವರು. ನಮ್ಮ ಪಕ್ಕದ ಮನೆಯವರದು ಮಂಡಕ್ಕಿ ಹುರಿಯುವ ಭಟ್ಟಿ. ಆ ಮನೆಯ ಅಕ್ಕ ಗಟ್ಟಿ ಮೈಯಾಕೆ, ಗಂಟಲು ಇನ್ನೂ ಗಟ್ಟಿ. ಆಕೆಯೂ ಇಂಜಿನಿಯರು ಬಂದ ದಿನ ಮಕ್ಕಳ ಬಾಯಿಗೆ ಮಂಡಕ್ಕಿ ತುಂಬಿ ಸುಮ್ಮನೆ ಕೂರಿಸಿದ್ದಳು. ಇಡೀ ಸಾಲು ಸಾವಿನ ಮನೆಯಂತೆ ಮೌನವಾಗಿತ್ತು.

ಇಂಜಿನಿಯರು ಎಳೆಯ ವಯಸ್ಸಿನವರು. ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದರು. ಕೈಯಲ್ಲೊಂದು ಪೆಟ್ಟಿಗೆ, ಅದರ ಮುಖದ ಮೇಲೆ ಗಾಜು, ಗಾಜಿನೊಳಗೆ ಮುಳ್ಳು. ಅಡಿಗೆ ಮನೆಯಲ್ಲಿ ಅದನ್ನಿಟ್ಟು ನನಗೆ ಒರಳು ತಿರುಗಿಸಲು ಹೇಳಿದರು. ಮುಳ್ಳು ಜಿಗಿಯಿತು. ಒರಳು ನಿಲ್ಲಿಸಿ, ಲಾರಿಯ ಮೇಲಿನ ಯಂತ್ರ ಓಡಿಸಿದರು. ಗೋಡೆಯಾಚೆಯಿಂದ ದುಂಬಿ ಗುಂಯ್‌ಗುಟ್ಟಿದ ಹಾಗೆ ಒಂದೇ ಸಮನೆ ಬಂತು. ಮುಳ್ಳು ಅಷ್ಟು ಏರಲಿಲ್ಲ.

"ನೋಡ್ರಿ, ನಿಮ್ಮ ಒರಳಿಗಿಂತ ನಮ್ಮ ಯಂತ್ರದ ಸದ್ದು ಕಡಿಮೆನೇ ಐತೆ" ಎಂದರು.

ಮುಳ್ಳು ಸುಳ್ಳು ಹೇಳುವುದಿಲ್ಲವಲ್ಲ. ಹಾಗಾದರೆ ಒರಳಿನ ನಡುವೆ ಕೇಳುವ ಲೋಟ ಇದರ ನಡುವೆಯೂ ಕೇಳಬೇಕು. ಆದರೆ ಕಿವಿಗೆ ಅರಳೆ ತುರುಕಿದ ಹಾಗೆ ಆಗುತ್ತಿದೆಯಲ್ಲ, ಅದೇಕೆ? ನನ್ನ ಕಿವಿಯೇ ಸರಿಯಿಲ್ಲವೇನೋ ಎಂದುಕೊಂಡೆ.

ನಿಮ್ಮ ಅಜ್ಜ ಮೆಲ್ಲಗೆ, "ಒರಳು ಬ್ಯಾಡಾದಾಗ ನಿಲ್ಲಿಸ್ತಾಳೆ ರೀ. ಇದನ್ನ ನಿಲ್ಲಿಸೋರು ಯಾರು?" ಎಂದರು. ಇಂಜಿನಿಯರು, "ಆತು, ಲೋಟದ ಸದ್ದೇ ಕೇಳುತ್ತೋ ಇಲ್ಲೋ ನೋಡಾಣ. ನೀವು ಇಲ್ಲೇ ನಿಲ್ರಿ ಅಮ್ಮ. ನಾ ಒಳಗೆ ಹೋಗಿ ಅವರಿಗೆ ಬಡೀರಿ ಅಂತೀನಿ" ಎಂದು ಅತ್ತೆಯ ಕೋಣೆಗೆ ಹೋದರು.

ನಾನು ಒಲೆಯ ಪಕ್ಕ ನಿಂತೆ. ಯಂತ್ರ ಓಡುತ್ತಿತ್ತು. ಏನೂ ಕೇಳಲಿಲ್ಲ. ಬಡಿಯುತ್ತಿದ್ದಾರೆ, ನನಗೆ ಕೇಳುತ್ತಿಲ್ಲ ಎಂದು ಬಾಗಿಲ ಹತ್ತಿರ ಸರಿದೆ. ಅಷ್ಟರಲ್ಲಿ ಇಂಜಿನಿಯರು ಹೊರಗೆ ಬಂದು, "ಅವರು ಬಡೀತಾನೇ ಇಲ್ಲ" ಎಂದರು. ಹೋಗಿ ನೋಡಿದರೆ ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಲೋಟವನ್ನು ಹೊದಿಕೆಯೊಳಗೆ ಬಚ್ಚಿಟ್ಟಿದ್ದರು. ಪರ ಗಂಡಸು ಮಂಚದ ಹತ್ತಿರ ನಿಂತಿರುವಾಗ ಅವರು ಕೈ ಹೊರಗೆ ತೆಗೆಯುವುದುಂಟೆ! ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ.

ಹೆಂಗಸರು ಯಾರಾದರೂ ಜೊತೆಗಿರಲಿ ಎಂದು ಪಕ್ಕದ ಮನೆಯ ಅಕ್ಕನನ್ನು ಕರೆದರು. ಆಕೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಂಜಿನಿಯರು ನನ್ನ ಕಡೆ, ಅಡಿಗೆ ಮನೆಯ ಬಾಗಿಲಲ್ಲಿ ನಿಂತರು. ಮತ್ತೆ ಯಂತ್ರ. ಸ್ವಲ್ಪ ಹೊತ್ತಿಗೆ ಠಣ್, ಠಣ್, ಠಣ್ ಎಂದು ಸ್ಪಷ್ಟವಾಗಿ ಕೇಳಿತು.

"ಕೇಳ್ತೇನ್ರಮ್ಮ?"

ನಾನು ತಲೆ ಆಡಿಸಿದೆ. ಕೇಳಿದ್ದು ನಿಜ. ಅವರು ಸಂತೋಷದಿಂದ ಪೆಟ್ಟಿಗೆ ಮುಚ್ಚಿ, ಒಂದು ಲೋಟ ಮಜ್ಜಿಗೆ ಕುಡಿದು ಲಾರಿ ಹತ್ತಿದರು. ನಿಮ್ಮ ಅಜ್ಜನೂ ಹಗುರಾದವರಂತೆ ಅಂಗಡಿಗೆ ಹೋದರು.

ಲಾರಿ ಮರೆಯಾದ ಮೇಲೆ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೊರಗೆ ಬಂದಳು.

"ಹೆಂಗೆ ತಂಗೀ, ಪಾಸಾದ್ಯಾ?"

"ಯಾರು ಪಾಸಾಗಾದು ಅಕ್ಕಾ?"

"ನೀನೇ ಕಣೇ! ಅತ್ತೆ ಕರೆದ್ರೆ ಸೊಸೆ ಬರ್ತಾಳೋ ಇಲ್ಲೋ ಅಂತ ಸಾಹೇಬ್ರು ನೋಡಾಕ ಬಂದಿದ್ದಲ್ವಾ? ಅಮ್ಮಾರು ಲೋಟ ಮುಟ್ಲೇ ಇಲ್ಲ. ಅರೆ, ಈ ಹುಡುಗಿ ಮರ್ಯಾದಿ ಹೋಗ್ತೈತಲ್ಲಾ ಅಂತ ನಾನೇ ಕಸ್ಕೊಂಡು ಬಾರಿಸಿದೆ. ಭಟ್ಟಿ ಕೈ ನಂದು, ಹರಿಹರಕ್ಕೂ ಕೇಳಿರ್ತೈತೆ!"

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ನನ್ನ ಮಾನ ಉಳಿಸಲು ಬಡಿದವಳು. ವಿಷಯ ಬಿಡಿಸಿ ಹೇಳಿದಾಗ ಆಕೆ "ಯಾ ಅಲ್ಲಾ" ಎಂದು ಅಲ್ಲೇ ಕುಸಿದು ಕೂತಳು.

ಸಂಜೆ ನಿಮ್ಮ ಅಜ್ಜನಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತರು. "ಕೇಳ್ತು ಅಂತ ತಲೆ ಆಡಿಸಿದಾಕೆ ನೀನು. ಈಗ ನಾ ಹೋಗಿ ಅಲ್ಲ ಅಂದ್ರೆ ಯಾರು ನಂಬ್ತಾರೆ? ನೀನೇ ಬಂದು ಹೇಳಬೇಕು."

ಮರುದಿನ ಅತ್ತೆಯ ಬಳಿ ಅಕ್ಕನನ್ನು ಕೂರಿಸಿ, ಇಬ್ಬರೂ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ, ಇಳಿಯುವಾಗ ಎಲ್ಲ ಮರೆತಿತ್ತು. ಕಾರ್ಖಾನೆಯೊಳಗೆ ಕಬ್ಬಿಣ ಕೊರೆಯುವ, ತಿಕ್ಕುವ ಸದ್ದು. ಇಂಜಿನಿಯರು ಬಂದು ಎದುರಿಗೆ ನಿಂತರು. ನಾನು ನನ್ನ ಕಾಲ್ಬೆರಳು ನೋಡುತ್ತಾ ಹೇಳಿದೆ.

"ಏನಮ್ಮ? ಕೇಳವಲ್ದು."

ಮತ್ತೆ ಹೇಳಿದೆ. ಅವರು ಕಿವಿಗೆ ಕೈ ಹಿಡಿದು ಬಗ್ಗಿದರು. ನಿಮ್ಮ ಅಜ್ಜ ಬಾಯಿ ತೆರೆಯುವಷ್ಟರಲ್ಲಿ ನಾನೇ ಕೂಗಿಬಿಟ್ಟೆ: "ಬಡಿದದ್ದು ನಮ್ಮತ್ತೆ ಅಲ್ರೀ! ಪಕ್ಕದ ಮನೆ ಅಕ್ಕ!"

ಕೆಲಸ ಮಾಡುತ್ತಿದ್ದವರು ತಿರುಗಿ ನೋಡಿದರು. ಗಂಡಸರ ನಡುವೆ ನಾನು ಹಾಗೆ ಕೂಗಿದ್ದು ಅದೊಂದೇ ಸಲ. ನಿಮ್ಮ ಅಜ್ಜ ಎಲ್ಲವನ್ನೂ ವಿವರಿಸಿದರು. ಇಂಜಿನಿಯರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ನನ್ನನ್ನೇ ಕೇಳಿದರು:

"ಹಂಗಾದ್ರೆ ನಿಮ್ಮತ್ತೆ ಬಡಿದ್ರೆ ನಿಮಗೆ ಕೇಳಂಗಿಲ್ಲ?"

"ಗೊತ್ತಿಲ್ರಿ."

"ಮತ್ತೆ ಇಷ್ಟು ದೂರ ಬಂದಿದ್ದು ಯಾಕ?"

"ಗೊತ್ತಿಲ್ಲ ಅಂತ ಹೇಳಾಕೇ ಬಂದೀನ್ರಿ."

ಅವರು ಅರಿವೆಯಿಂದ ಕೈಯ ಎಣ್ಣೆ ಒರೆಸಿಕೊಂಡರು. ಕೊನೆಗೆ, "ಆ ಯಂತ್ರ ಬ್ಯಾರೆ ಊರಿಗೆ ಹೋತು, ಇನ್ನೊಮ್ಮೆ ತರಾಕ ಆಗಂಗಿಲ್ಲ. ಆದ್ರ ಗೊತ್ತಿಲ್ಲದ್ದನ್ನ ಗೊತ್ತು ಅನ್ನಾಕ ನನಗೂ ಬರಂಗಿಲ್ಲ. ಕಂಪನಿಯವರಿಗೆ ಹೇಳಿ ನೋಡ್ತೀನಿ, ಹೋಗ್ರಿ" ಎಂದರು. ಆಗುತ್ತದೆ ಎಂದರೋ ಆಗದು ಎಂದರೋ ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಕಟ್ಟಡ ಏಳಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ಕಾಲ ನಾನು ಹಿತ್ತಲಿಗೆ ಹೋಗಿ ಯಂತ್ರ ಎಲ್ಲಿ ಕೂರಿಸುತ್ತಾರೆ ಎಂದು ನೋಡಿ ಬರುತ್ತಿದ್ದೆ. ಕಡೆಗೆ ಅದನ್ನು ರಸ್ತೆಯ ಕಡೆಗೆ ಕೂರಿಸಿದರು. ನೀನು ಕೂಗಿದ್ದಕ್ಕೇ ಎಂದರು ನಿಮ್ಮ ಅಜ್ಜ. ಹಾಗೇನಿಲ್ಲ, ಕಂಪನಿ ಮಾಲೀಕರು ತಮ್ಮ ಕೋಣೆಯನ್ನು ಹಿಂದುಗಡೆ, ನಮ್ಮ ಗೋಡೆಯ ಕಡೆ ಮಾಡಿಕೊಂಡರು, ಅವರ ಕಿವಿಗೂ ಗುಂಯ್ ಬೇಡವಾಯಿತು ಎಂದಳು ಅಕ್ಕ. ಯಾವುದು ನಿಜವೋ ನನಗೆ ತಿಳಿಯದು. ಅತ್ತೆ ಇದ್ದಷ್ಟು ಕಾಲವೂ ಲೋಟ ನನಗೆ ಕೇಳಿತು, ಕೇಳಿದಾಗಲೆಲ್ಲ ಹೋದೆ.

ಅವತ್ತು ಅವರು ಲೋಟ ಬಚ್ಚಿಟ್ಟದ್ದು ನಾಚಿಕೆಗೋ, ಅಥವಾ ಬಡಿದರೂ ನಾನು ಬರದೆ ಹೋದರೆ ಎಂಬ ಹೆದರಿಕೆಗೋ ಎಂದು ಈಗೀಗ ಯೋಚನೆ ಬರುತ್ತದೆ. ಅವರಿಗೆ ಹೇಳಲು ಬಾಯಿ ಇರಲಿಲ್ಲ. ನನಗೆ ಕೇಳಲು ಧೈರ್ಯ ಇರಲಿಲ್ಲ. ನಿಮಗೆ ಓದು ಇದೆ, ಮುಂದೆ ಎಂದಾದರೂ ನಿಮಗೆ ಹೊಳೆಯಬಹುದು. ಅದಕ್ಕೇ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ನನ್ನ ಅಕ್ಷರ ಸೊಟ್ಟಗಿದೆ ಎಂದು ನಗಿ ಬೇಕಾದರೆ, ಆದರೆ ನೀರು ಬೀಳದ, ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.