ಅಮಾವಾಸ್ಯೆಯ ರಜೆಯಲ್ಲಿ ಕಡಲಿಗೆ

ಮಂಗಳೂರಿನ ಬಸ್ ನಿಲ್ದಾಣದಲ್ಲೂ ಅವ್ವ ಐದಕ್ಕೇ ಮುಖ ತೊಳೆದು, ವಿಭೂತಿ ಹಚ್ಚಿ, ಅಡಿಕೆ ಚೂರು ಬಾಯಿಗೆ ಹಾಕಿಕೊಂಡಳು. ಮೊಳಕಾಲ್ಮೂರಿನ ಮನೆಯಲ್ಲಾದರೆ ಮುಂದಿನ ಕೆಲಸ ಮಗ್ಗದ ಗುಂಡಿಗೆ ಕಾಲಿಳಿಸುವುದು. ಅಂದು ಅಮಾವಾಸ್ಯೆ, ಮಗ್ಗಕ್ಕೆ ತಿಂಗಳಿಗೊಂದೇ ರಜೆ. ಹಿಂದಿನ ಸಂಜೆ ನೇಯ್ದು ಎದ್ದವಳನ್ನು ನಾನಿರುವ ಚಳ್ಳಕೆರೆಗೆ ಕರೆಸಿಕೊಂಡು ರಾತ್ರಿ ಬಸ್ಸು ಹತ್ತಿಸಿದ್ದೆ. ಆಯುಷ್ಯವೆಲ್ಲ ಆ ಗುಂಡಿಯಲ್ಲಿ ತುಳಿದ ಕಾಲನ್ನು ಒಮ್ಮೆ ಸಮುದ್ರದಲ್ಲಿ ಇಡಬೇಕೆಂಬುದು ಅವಳ ಆಸೆ. ಮೊಣಕಾಲು ಸವೆದಿದೆ, ಇದೊಂದಾದ ಮೇಲೆ ದೂರದ ಪ್ರಯಾಣ ಬೇಡ ಎಂದು ವೈದ್ಯರು ಹೇಳಿಯಾಗಿತ್ತು.

ಅಲ್ಲಿಂದ ಪ್ಯಾಸೆಂಜರ್ ರೈಲು. ಬಲಕ್ಕೆ ಗುಡ್ಡ, ಎಡಕ್ಕೆ ತೆಂಗಿನ ಸಂದಿಯಲ್ಲಿ ನೀರು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೂ ಅವ್ವ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಇಳಿದದ್ದು ಬೀಚಿಗೆ ಹೋಗುವವರು ಮಾತ್ರ ಇಳಿಯುವಂಥ ಪುಟ್ಟ ನಿಲ್ದಾಣ: ಒಂದೇ ಪ್ಲಾಟ್‌ಫಾರಂ, ಎರಡು ಕಲ್ಲುಬೆಂಚು, ಯಾರದೋ ಚಪ್ಪಲಿಯಿಂದ ಉದುರಿದ ಮರಳು. ಅವ್ವ ಬಗ್ಗಿ ಅದನ್ನು ಬೆರಳಲ್ಲಿ ಉಜ್ಜಿದಳು.

"ಎಷ್ಟು ನುಣ್ಣಗೈತೆ ನೋಡೇ!"

ಆಟೊದಲ್ಲಿ ಹತ್ತು ನಿಮಿಷದ ದಾರಿ. ದಡದುದ್ದಕ್ಕೂ ಹಗ್ಗ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದರು. ಹಗ್ಗದಾಚೆ ಮರಳೇ ಕಾಣುತ್ತಿರಲಿಲ್ಲ. ಅಲೆಗಳು ಕಲ್ಲಿನ ತಡೆಗೋಡೆಗೆ ಬಡಿಯುತ್ತಿದ್ದವು. ಕಾವಲುಗಾರ ಸೀಟಿ ಊದಿದ.

"ಈಜಾಕೆ ಬಂದಿಲ್ಲಪ್ಪಾ, ಕಾಲಿಡಾಕೆ ಅಷ್ಟೇ," ಅಂದಳು ಅವ್ವ.

"ಎಲ್ಲರೂ ಕಾಲಿಡ್ಲಿಕ್ಕೇ ಬರುದು ಅಜ್ಜಿ. ಸಂಜೆಗೆ ನೀರು ಇಳೀತದೆ, ಆಗ ಬನ್ನಿ."

ನಮ್ಮ ರೈಲು ಮಧ್ಯಾಹ್ನ ಮೂರಕ್ಕೆ. "ಒಂದಿನ ಉಳಿಯೋಣವ್ವ," ಅಂದೆ.

"ಮಗ್ಗದ ಮೇಲೆ ಮದುವೆ ಸೀರೆ ಐತೆ. ನಾಳೆ ಯಾರು ಕೂರ್ತಾರೆ, ನೀನಾ? ಕಾನ್ವೆಂಟ್‌ನಾಗೆ ನೇಯೋದು ಕಲಿಸಿದ್ರೇನು?"

ಎರಡು ಗಂಟೆ ಹಗ್ಗ ಹಿಡಿದು ನಿಂತೆವು. ಅವ್ವನ ಮುಖಕ್ಕೆ ಬಿದ್ದ ಒಂದೆರಡು ಉಪ್ಪುಹನಿಗಳನ್ನು ನಾನೇ ಸೆರಗಿನಿಂದ ಒರೆಸಿಬಿಟ್ಟೆ. ಒರೆಸಬಾರದಿತ್ತು.

ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸು ಅವ್ವನ ಒಣ ಕಾಲು ನೋಡಿ, "ಅಮಾಸೆಗೆ ಯಾಕೆ ಬಂದ್ರಿ ಮಾರಾಯ್ರೆ? ಅಮಾಸೆ, ಹುಣ್ಣಿಮೆಗೆ ಮಧ್ಯಾಹ್ನದ ಹೊತ್ತಿಗೆ ಹೀಗೇ ದೊಡ್ಡ ಉಬ್ಬರ. ನಡುವಿನ ದಿನ ಬರ್ಬೇಕಿತ್ತು," ಎಂದರು.

ನಡುವಿನ ದಿನಗಳೆಲ್ಲ ಮಗ್ಗದವು. ರೈಲು ಹೊರಟಾಗ ಅವ್ವ ಸಮುದ್ರದ ಕಡೆಯ ಸೀಟನ್ನು ನನಗೆ ಬಿಟ್ಟು, ಗುಡ್ಡದ ಕಡೆ ಮುಖ ಮಾಡಿ ಕೂತಳು.

ಸಂಜೆ ಮಂಗಳೂರಿನಲ್ಲಿ ಬಸ್ಸಿಗೆ ಕಾಯುವಾಗ ಚಳ್ಳಕೆರೆಯ ಎದುರುಮನೆಯಾಕೆ ಫೋನ್ ಮಾಡಿದಳು. ನಡೆದದ್ದು ಹೇಳಿದೆ. ಅವಳ ಕುಕ್ಕರ್ ಕೂಗುತ್ತಿತ್ತು.

"ಅಷ್ಟಕ್ಕೇ ಯಾಕಕ್ಕಾ ಬ್ಯಾಸರ? ಮುಂದಿನ ಅಮಾಸೆಗೆ ಹೋದ್ರಾತು ಬಿಡ್ರಿ."