ಹಲಗೆಯ ವಿಮಾನ ಕಟ್ಟಿದ ಮಾಸ್ತರರು

ಮಾಸ್ತರರ ಬಲಗಣ್ಣಿನಲ್ಲಿ ಜೋಳದ ಕಾಳಿನಷ್ಟು ಬಿಳಿ ಹೂವು ಬಿದ್ದಿತ್ತು. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ಎಡಗಣ್ಣನ್ನು ಮುಂದೆ ತರುತ್ತಿದ್ದರು. ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುವಾಗ ಹಿಂದಿನ ಬೆಂಚಿನ ನಾವೆಲ್ಲ ಅದನ್ನು ಅಣಕಿಸಿ ನಗುತ್ತಿದ್ದೆವು. ಆ ಕಣ್ಣಿನಿಂದ ಅವರ ಬದುಕಿನ ದಾರಿಯೇ ಬದಲಾಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಆ ನಗೆಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬಬಲೇಶ್ವರದ ಒಕ್ಕಲುತನದ ಮನೆಯವರು. ಮಹಾಯುದ್ಧದ ಕಾಲದಲ್ಲಿ ಪೈಲಟ್ ಆಗಬೇಕೆಂದು ವಾಯುಪಡೆಗೆ ಹೋಗಿದ್ದರಂತೆ. ತರಬೇತಿ ಶುರುವಾಗುವ ಮೊದಲೇ ಕಣ್ಣುಬೇನೆ ಬಂತು, ಬೇನೆ ಹೋಗಿ ಹೂವು ಉಳಿಯಿತು. ವಿಮಾನ ಹತ್ತಿಸುವ ಬದಲು ನೆಲದ ಮೇಲಿನ ಒಂದು ಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿದರು. ಒಳಗೆ ವಿಮಾನದ ಹಿಡಿಕೆಗಳು, ಗಡಿಯಾರದಂಥ ಮುಳ್ಳುಗಳು, ಮೇಲೆ ಮುಚ್ಚಳ. ಕಲಿಯುವವನು ಒಳಗೆ ಕೂತು ವಿಮಾನ ಹಾರಿಸಿದಂತೆ ಮಾಡಬೇಕು, ಇವರು ಹೊರಗೆ ಕೂತು ತಪ್ಪು ಹಿಡಿಯಬೇಕು. ಎಷ್ಟೋ ಪೈಲಟ್‌ಗಳನ್ನು ತಯಾರು ಮಾಡಿದ ಮನುಷ್ಯ ಸ್ವತಃ ಒಂದು ಸಲವೂ ನೆಲ ಬಿಟ್ಟಿರಲಿಲ್ಲ.

ಯುದ್ಧ ಮುಗಿದ ಮೇಲೆ ವಿಜಾಪುರದಲ್ಲಿ ಮಾಸ್ತರಿಕೆ ಹಿಡಿದರು. ಅಥಣಿ ರಸ್ತೆಯ ಮನೆಯ ಪಡಸಾಲೆಯಲ್ಲಿ ಚಹಾ ಪೆಟ್ಟಿಗೆಯ ಹಲಗೆಗಳಿಂದ ಅಂಥದ್ದೇ ಒಂದು ಪೆಟ್ಟಿಗೆ ಕಟ್ಟಿದರು, ಒಬ್ಬನೇ ಮಗನಿಗಾಗಿ. ಮಗ ತಪ್ಪಿದಾಗಲೆಲ್ಲ ಮುಚ್ಚಳ ತೆಗೆದು, ತಲೆ ಸವರಿ, "ಇನ್ನೊಮ್ಮೆ ಮಾಡಪಾ" ಅನ್ನುತ್ತಿದ್ದರು. ಆ ಮಗ ನಿಜವಾಗಿಯೂ ಪೈಲಟ್ ಆದ. ಅವನನ್ನು ನೋಡಿ, ನಾಲ್ಕು ವರ್ಷ ಕಿರಿಯವನಾದ ತಿಕೋಟಾದ ನಾನೂ ಅದೇ ದಾರಿ ಹಿಡಿದೆ.

ಅರವತ್ತರ ದಶಕದ ಮೊದಲಿಗೆ ನಾವಿಬ್ಬರೂ ಇದ್ದ ವಿಮಾನ ಕಂಪನಿಗೆ ಎರಡು ಎಂಜಿನ್ನಿನ ಹೊಸ ಜಾತಿಯ ವಿಮಾನಗಳು ಬಂದವು. ಹಳೆಯ ಡಕೋಟಾ ವಿಮಾನ ಹಾರಿಸುತ್ತಿದ್ದವನು ಇದನ್ನು ಹಾರಿಸಬೇಕಾದರೆ ಬೇರೆ ತರಬೇತಿ, ಬೇರೆ ಪರೀಕ್ಷೆ. ನೆಲದ ಮೇಲೆಯೇ ಇದೆಲ್ಲ ಕಲಿಸುವ ಸಿಮ್ಯುಲೇಟರ್ ಪರದೇಶದಲ್ಲಿತ್ತು. ಅಲ್ಲಿಗೆ ಹಿರಿಯರನ್ನಷ್ಟೇ ಕಳಿಸುತ್ತಿದ್ದರು. ಉಳಿದವರು ಖಾಲಿ ವಿಮಾನದಲ್ಲೇ ಕಲಿಯಬೇಕು. ನೆಲ ಬಿಟ್ಟ ಕೂಡಲೇ ಕಲಿಸುವವರು ಬೇಕೆಂದೇ ಒಂದು ಎಂಜಿನ್ ನಿಲ್ಲಿಸುತ್ತಾರೆ. ವಿಮಾನ ಆ ಮಗ್ಗುಲಿಗೆ ಹೊರಳುತ್ತದೆ. ಎದುರು ಮಗ್ಗುಲಿನ ಕಾಲಿನಿಂದ ಪೆಡಲ್ ಒತ್ತಿ ಅದನ್ನು ನೆಟ್ಟಗೆ ಮಾಡಲು ಸಿಗುವುದು ಒಂದೆರಡು ಉಸಿರಿನಷ್ಟು ಹೊತ್ತು. ಮಾಸ್ತರರ ಮಗ ಅಂಥದೊಂದು ಪಾಠದಲ್ಲಿ ತೀರಿಕೊಂಡ. ಪಕ್ಕದಲ್ಲಿ ಕೂತು ಕಲಿಸುತ್ತಿದ್ದವರು ಕಾಲು ಮುರಿದುಕೊಂಡು ಬದುಕಿದರು.

ಎರಡು ವರ್ಷದ ಮೇಲೆ ನನ್ನ ಸರದಿ ಬಂತು. ರಜೆ ಹಾಕಿ ತಿಕೋಟಾಕ್ಕೆ ಬಂದೆ. ಹೆದರಿಕೆಯನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ಬಸ್ಸು ಹತ್ತಿ ಮಾಸ್ತರರ ಮನೆಯ ಮುಂದೆ ಇಳಿದೆ. ಪೆಟ್ಟಿಗೆ ಧೂಳು ತಿನ್ನುತ್ತ ಬಿದ್ದಿತ್ತು.

"ನನಗೂ ಕಲಿಸ್ರಿ ಸರ," ಅಂದೆ.

ಕತ್ತು ಓರೆ ಮಾಡಿ ನನ್ನನ್ನು ನೋಡಿದರು. "ಒಳಗ ಕೂಡು," ಅಂದರು.

ಕಾಲ ಕೆಳಗೆ ಎರಡು ಹಲಗೆ. ಹೊರಗಿನಿಂದ ಅವರು ಬೆತ್ತದಿಂದ ಯಾವ ಮಗ್ಗುಲಿಗೆ ಹೊಡೆಯುತ್ತಾರೋ ಆ ಕಡೆಯ ಎಂಜಿನ್ ಸತ್ತಿತೆಂದು ಲೆಕ್ಕ. ಮೊದಲ ದಿನ ಎಡಕ್ಕೆ ಹೊಡೆದರು, ನಾನು ಗಾಬರಿಯಲ್ಲಿ ಎಡಗಾಲನ್ನೇ ಒತ್ತಿದೆ.

"ಸತ್ತಿ. ಮನಿಗಿ ನಡಿ."

"ಇನ್ನೊಮ್ಮೆ ಮಾಡ್ತೀನ್ರಿ ಸರ."

"ಸತ್ತಾಂವ ಇನ್ನೊಮ್ಮೆ ಹೆಂಗ ಮಾಡ್ತಾನಲೇ?"

ಮುಚ್ಚಳ ತೆಗೆಯಲೂ ಬರಲಿಲ್ಲ. ನಾನೇ ತಳ್ಳಿಕೊಂಡು ಹೊರಗೆ ಬಂದೆ. ದಿನಕ್ಕೆ ಒಂದೇ ಸಲ. ತಪ್ಪಿದರೆ ಬಂದ ದಾರಿಗೆ ಸುಂಕವಿಲ್ಲದೆ ತಿಕೋಟಾದ ಬಸ್ಸು. ನಾಲ್ಕನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಗ ಅವರ ಹೆಂಡತಿ, ನಾವೆಲ್ಲ ಅವ್ವಾರು ಅನ್ನುತ್ತಿದ್ದವರು, ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟರು.

"ಸಿಟ್ಟಾಗಬ್ಯಾಡಪಾ," ಅಂದರು. "ಇನ್ನೊಮ್ಮೆ, ಇನ್ನೊಮ್ಮೆ ಅಂತ ಕಲಿಸಿ ನಾನೇ ಮಗನ್ನ ಕೊಂದೆ ಅಂತಾರ ಇವರು. ತಪ್ಪಿದ್ರೂ ನಡೀತೈತಿ ಅನ್ನೂದನ್ನ ನಾನೇ ಕಲಿಸಿದೆ ಅಂತಾರ. ಎರಡು ವರ್ಷ ಆತು, ನಿದ್ದಿಲ್ಲ. ವಿಮಾನದಾಗ ಏನಾತೋ ಯಾರ ಕಂಡಾರ?"

ಆಮೇಲೆ ಒಂದು ದಿನವೂ ನಾನು ಸಿಟ್ಟಾಗಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಬೆತ್ತದ ಸದ್ದಿಗೆ ಕಾಲು ತಾನಾಗಿ ಹೋಗುತ್ತಿತ್ತು. ಹೊರಡುವ ದಿನ ಮಾಸ್ತರರು ಬಸ್ಸಿನ ತನಕ ಬಂದರು.

"ಪಾಸಾದ ಮ್ಯಾಲ, ಅವನ ಪಕ್ಕದಾಗ ಕೂತು ಕಲಸ್ತಿದ್ದ ಆ ಸಾಹೇಬರನ್ನ ಕೇಳಿ ಬಾ. ಎಂಜಿನ್ ನಿಂತಾಗ ನನ್ನ ಮಗಾ ಏನ್ ಮಾಡಾಕತ್ತಿದ್ದ? ಇದ್ದದ್ದು ಇದ್ದಂಗ ಹೇಳು. ಅಷ್ಟ ಸಾಕು."

ಪರೀಕ್ಷೆಯ ದಿನ ನೆಲ ಬಿಟ್ಟ ಕೂಡಲೇ ಬಲಗಡೆಯ ಎಂಜಿನ್ ನಿಂತಿತು. ನನಗೆ ಗೊತ್ತಾಗುವ ಮೊದಲೇ ಎಡಗಾಲು ಒತ್ತಿಯಾಗಿತ್ತು. ಮಾಸ್ತರರು ಒಂದು ಸಲ, ಒಂದೇ ಸಲ, "ಇನ್ನೊಮ್ಮೆ" ಅಂದಿದ್ದರೆ ನಾನು ಆ ದಿನ ತಿರುಗಿ ಬರುತ್ತಿರಲಿಲ್ಲವೇನೋ.

ಕಾಲು ಮುರಿದುಕೊಂಡಿದ್ದ ಅಧಿಕಾರಿ ಆಗ ಆಫೀಸಿನಲ್ಲಿ ಕುಂಟುತ್ತ ಓಡಾಡಿಕೊಂಡಿದ್ದರು. ಹೋಗಿ ಕೇಳಿದೆ. ಎಡಗಡೆಯ ಎಂಜಿನ್ ತಾನೇ ನಿಲ್ಲಿಸಿದ್ದಾಗಿ ಹೇಳಿದರು. ಹುಡುಗ ಮೊದಲು ತಪ್ಪು ಕಾಲು ಒತ್ತಿದನಂತೆ. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತನಂತೆ. ತಾನು ಕೈ ಹಾಕುವಷ್ಟರಲ್ಲಿ ಹೊತ್ತು ಮೀರಿತ್ತು. "ಅವನು ಯಾಕೋ ತಲೆಯೆತ್ತಿ ಮೇಲೆ ನೋಡಿದ. ಯಾಕೆಂದು ಇವತ್ತಿಗೂ ತಿಳಿದಿಲ್ಲ," ಎಂದರು.

ನನಗೆ ತಿಳಿಯಿತು. ಅಪ್ಪ ಮುಚ್ಚಳ ತೆಗೆಯುವುದನ್ನು ಅವನು ಕಾಯುತ್ತಿದ್ದ.

ರೈಲು ಹಿಡಿದು ವಿಜಾಪುರಕ್ಕೆ ಬಂದೆ. ಮಾಸ್ತರರು ಪಡಸಾಲೆಯಲ್ಲೇ ಇದ್ದರು. ನಾನು ಪಾಸಾದೆನೋ ಇಲ್ಲವೋ ಕೇಳಲಿಲ್ಲ. ಕತ್ತು ಓರೆಯಾಯಿತು.

"ಯಾವ ಎಂಜಿನ್?"

"ಎಡದ್ದರಿ ಸರ."

"ಯಾವ ಕಾಲು ಒತ್ತಿದಾ?"

"ಬಲಗಾಲ್ರಿ," ಅಂದೆ. "ಎಲ್ಲಾ ಬರೋಬರಿ ಮಾಡ್ಯಾನಂತ್ರಿ ಸರ. ವಿಮಾನಾನೇ ಏಳಲಿಲ್ಲಂತ."

ಅವರು ಗೋಡೆ ಹಿಡಿದು ಎದ್ದರು. "ಕೇಳಿದೇನ?" ಅಂತ ಒಳಗೆ ಕೂಗಿದರು. "ನಮ್ಮ ಹುಡುಗ ಬಲಗಾಲು ಒತ್ತಿದ್ನಂತ! ಬರೋಬರಿ ಮಾಡಿದ್ನಂತ!" ಆಮೇಲೆ ಅಲ್ಲೇ ಕುಸಿದು ಕೂತು ಅತ್ತರು. ಅವ್ವಾರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಅವರನ್ನು ನೋಡಿದರು, ನನ್ನನ್ನು ನೋಡಿದರು.

ಮರುವರ್ಷ ಮಾಸ್ತರರು ಹೋದರು. ನಾನು ದೂರದ ಊರಿನಲ್ಲಿದ್ದೆ, ಮಣ್ಣಿಗೂ ಬರಲಾಗಲಿಲ್ಲ. ಮನೆಗೆ ಬಂದವರಿಗೆಲ್ಲ ಬಲಗಾಲಿನ ಮಾತು ಹೇಳುತ್ತಿದ್ದರಂತೆ, ರಾತ್ರಿ ನಿದ್ದೆಯನ್ನೂ ಮಾಡುತ್ತಿದ್ದರಂತೆ. ಅವರ ಪಾಠದಿಂದ ನಾನು ಜೀವಂತ ಮನೆಗೆ ಬಂದೆ. ಅದಕ್ಕೆ ಬದಲಾಗಿ ನನ್ನಿಂದ ಅವರಿಗೆ ಕೊಡಲಾದದ್ದು ಆ ಒಂದು ಸುಳ್ಳು. ಅವ್ವಾರು ಆಮೇಲೆ ಬಹಳ ವರ್ಷ ಬದುಕಿದರು. ಹೋದಾಗಲೆಲ್ಲ ರೊಟ್ಟಿ ಹಾಕುತ್ತಿದ್ದರು. ನಿಮಗೆ ಅವತ್ತೇ ಗೊತ್ತಾಗಿತ್ತೇ ಎಂದು ಅವರನ್ನು ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.