ಕೋಶಕೇಂದ್ರದ ಪಕ್ಕದ ಖಾಲಿ ಜಾಗ

ಒದ್ದೆ ಬಟ್ಟೆಯಿಂದ ಒರೆಸಿದ ಕರಿಹಲಗೆಗೆ ಒಂದು ವಾಸನೆಯಿದೆ, ನಿಮಗೂ ನೆನಪಿರಬಹುದು. ಚಾಮರಾಜನಗರದ ನನ್ನ ಟ್ಯೂಷನ್ ಕೊಠಡಿಯಲ್ಲಿ ಇವತ್ತು ಬೆಳಿಗ್ಗೆ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಿವಿ ಬಿಸಿಯಾಯಿತು. ಹಲಗೆ ಒರೆಸಿದರೆ ನಾಚಿಕೊಳ್ಳುವ ಮೇಷ್ಟ್ರು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನನಗೆ ಸರಿಯಾಗಿ ಬರುವ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಹಂಗಳದ ಬಸ್ಸಿನ ಕಂಡಕ್ಟರ್ ಚಿಲ್ಲರೆಗೆ ಗೊಣಗುವುದು, ನಮ್ಮಪ್ಪ ಫೋನನ್ನು ದೂರ ಹಿಡಿದು ಕೂಗುವುದು, ಹುಡುಗಿಯರ ಮುಂದೆ ನಾನೇ ದನಿ ದಪ್ಪ ಮಾಡಿಕೊಳ್ಳುವುದು, ಎಲ್ಲವೂ ಬರುತ್ತದೆ. ಆದರೆ ನನ್ನ ಸಂಗ್ರಹದ ರಾಣಿ ರತ್ನಮ್ಮ ಮೇಡಂ. ಗುಂಡ್ಲುಪೇಟೆಯಲ್ಲಿ ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಟ್ಟವರು, ಬೇಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಜೀವಕೋಶದ ಪಾಠ ಅವರ ಬಾಯಲ್ಲಿ ಸಂತೆಯಾಗುತ್ತಿತ್ತು.

"ಕೋಶಕೇಂದ್ರ ಅಪ್ಪಣೆ ಕೊಡ್ತದೆ ಕಣ್ರಪ್ಪ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮು ಹೊಲ ಇದ್ದಂಗೆ, ಮಾಲು ಬೆಳೆಯೋದು ಅಲ್ಲಿ. ಗಾಲ್ಗಿ ಅಂದ್ರೆ ನಮ್ಮ ತರಕಾರಿ ಮಾರ್ಕೆಟ್ಟು. ವಿಂಗಡಿಸಿ, ಮೂಟೆ ಕಟ್ಟಿ, ಇದು ಕೇರಳಕ್ಕೆ, ಇದು ಊಟಿಗೆ ಅಂತ ಚೀಟಿ ಅಂಟ್ಸಿ ಕಳಿಸ್ತದೆ. ಚೀಟಿ ಇಲ್ದಿದ್ರೆ ಟೊಮೆಟೊ ಎಲ್ಲಿಗೋಗ್ಬೇಕು ಪಾಪ?"

ಹೇಳುತ್ತಲೇ ಚಿತ್ರ ಬರೆಯುವರು. ಮೊದಲು ದುಂಡಗೆ ಕೋಶಕೇಂದ್ರ. ಆಮೇಲೆ ಕೈಯೆತ್ತಿ, ಸೆರಗು ಸರಿಮಾಡಿಕೊಂಡು, ಸಣ್ಣಗೆ ಕೆಮ್ಮಿ, ಅಂಗೈಯಗಲ ಜಾಗ ಬಿಟ್ಟು ರೆಟಿಕ್ಯುಲಮ್ಮಿನ ಮಡಿಕೆಗಳು, ಅವುಗಳ ಮೇಲೆ ರವೆ ಉದುರಿಸಿದಂತೆ ರೈಬೋಸೋಮುಗಳು. ಆ ಸೆರಗು, ಆ ಕೆಮ್ಮು, ಆ ಅಂಗೈಯಗಲ ಎಲ್ಲವನ್ನೂ ಕಲಿತೆ. ಪುಸ್ತಕದ ಚಿತ್ರದಲ್ಲಿ ಕೋಶಕೇಂದ್ರ, ರೆಟಿಕ್ಯುಲಮ್ ಎರಡೂ ಅಂಟಿಕೊಂಡಿದ್ದವು. ಅಚ್ಚಿನವರು ಕಾಗದ ಉಳಿಸಿದ್ದಾರೆ ಎಂದುಕೊಂಡೆ. ಎಂಎಸ್ಸಿ ಮುಗಿದರೂ ಹಾಗೇ ಅಂದುಕೊಂಡಿದ್ದೆ. ಎಂಎಸ್ಸಿ ಹೇಗೆ ಮುಗಿಸಿದೆ ಎಂದು ನೀವು ಕೇಳಬಾರದು.

ಹೋದ ವರ್ಷ ಚಾಮರಾಜನಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸಕ್ಕೆ ಅರ್ಜಿ ಹಾಕಿದೆ. ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಹಿಂದಿನ ಬೆಂಚಿನಲ್ಲಿ ಪ್ರಾಂಶುಪಾಲರ ಪಕ್ಕ ಕೂತಿದ್ದವರು ರತ್ನಮ್ಮ ಮೇಡಂ, ಅಲ್ಲಿಗೆ ವರ್ಗವಾಗಿ ಬಂದಿದ್ದರು. ಅವರನ್ನು ಕಂಡದ್ದೇ ನನಗೆ ಕೊಂಬು ಬಂತು. ಗುರುಕಾಣಿಕೆಯಾಗಿ ಅವರ ಪಾಠವನ್ನು ಚಿತ್ರ ಸಮೇತ ಅವರ ದನಿಯಲ್ಲೇ ಒಪ್ಪಿಸಿದೆ. ಇಲ್ಲದ ಸೆರಗನ್ನು ಸರಿಮಾಡಿಕೊಂಡಾಗ ತರಗತಿ ಹೊಟ್ಟೆ ಹಿಡಿದುಕೊಂಡಿತು. ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಉತ್ಸಾಹವೇರಿ ನನ್ನದೂ ಒಂದು ಮಾತು ಸೇರಿಸಿದೆ. "ಈ ಸಂದು ನೋಡ್ರಪ್ಪ. ಕೋಶಕೇಂದ್ರ ದೊಡ್ಡ ಮನುಷ್ಯ, ಯಾರನ್ನೂ ಅತ್ರ ಸೇರ್ಸಲ್ಲ."

ಮೇಡಂ ನಗು ನಿಂತಿತು. "ಅಲ್ಲ ಮಗ, ಅಲ್ಯಾಕೆ ಸಂದು ಬುಟ್ಟಿದ್ದೀಯ? ಕೋಶಕೇಂದ್ರದ ಹೊರಪೊರೆನೇ ಮುಂದುವರ್ಕೊಂಡು ರೆಟಿಕ್ಯುಲಮ್ ಆಗ್ತದಲ್ವಾ?"

"ನೀವೇ ಬುಡ್ತಿದ್ರಲ್ಲ ಮೇಡಂ, ಯಾವಾಗ್ಲೂ."

ಅವರು ಎದ್ದು ಬಂದು ಹಲಗೆಯ ಮೇಲಿನ ಸಂದಿಗೆ ಅಂಗೈ ಇಟ್ಟು ಅಳೆದರು. ಆಮೇಲೆ, "ಗುಂಡ್ಲುಪೇಟೇಲಿ ಆ ಜಾಗದಲ್ಲಿ ಹಲಗೆ ಗಾರೆ ಕಿತ್ತೋಗಿತ್ತು ಕಣಪ್ಪ. ಸೀಮೆಸುಣ್ಣ ಹತ್ತುತ್ತಿರ್ನಿಲ್ಲ. ಎರಡೂ ಒಂದೇ ಪೊರೆ ಅಂತ ಬಾಯಲ್ಲಿ ಹೇಳ್ತಿದ್ನಲ್ಲ, ನೀನು ಕೇಳಿಸ್ಕೊಂಡಿರ್ನಿಲ್ವಾ?" ಎಂದರು.

ಕೇಳಿಸಿಕೊಂಡಿದ್ದೆ. ಆ ಮಾತಿನ ಏರಿಳಿತ ಈಗಲೂ ನನ್ನ ನಾಲಿಗೆಯ ಮೇಲಿದೆ. ಅದರಲ್ಲಿ ಏನು ಹೇಳಿದ್ದರು ಎಂಬುದು ಮಾತ್ರ ತಲೆಯಲ್ಲಿ ಉಳಿದಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ರಬ್ಬರ್ ಹಿಡಿದು, "ಬರ್ಕಂಡಿರೋದ ಅಳಿಸ್ಬುಡದಾ ಸಾರ್?" ಎಂದಳು. ನಾನು ಒದ್ದೆ ಬಟ್ಟೆ ಹಿಡಿದು ಹಲಗೆಯ ಚಿತ್ರವನ್ನೆಲ್ಲ ಒರೆಸಿದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತು ಎಲ್ಲಾದರೂ ಮಾಡಿ ತೋರಿಸುತ್ತಿದ್ದೆನೋ ಏನೋ. ವರಾಂಡದಲ್ಲಿ ಸಿಕ್ಕಾಗ ಸಣ್ಣ ದನಿಯಲ್ಲಿ, "ನಿನ್ನಂಗೆ ಇನ್ನೆಷ್ಟು ಜನ ಆ ಸಂದ ಬರ್ಕೊಂಡೋದ್ರೋ" ಅಂದರು. ನಾಲ್ಕು ಜನರನ್ನು ನಗಿಸಲು ಹೋಗಿ, ಅವರ ಅಷ್ಟು ವರ್ಷದ ಪಾಠದ ಮೇಲೆ ಅವರಿಗೇ ಅನುಮಾನ ಹುಟ್ಟಿಸಿದ್ದೆ. "ನಾನೊಬ್ಬನೇ ಮೇಡಂ, ಉಳಿದವರೆಲ್ಲ ಕೇಳಿಸಿಕೊಂಡಿದ್ದಾರೆ" ಎನ್ನಬೇಕಿತ್ತು. ಬಾಯಿ ತೆರೆದರೆ ಅವರದೇ ದನಿ ಬಂದುಬಿಡುತ್ತದೇನೋ ಎಂದು ಹೆದರಿ ತಲೆ ತಗ್ಗಿಸಿದೆ.

ಕೆಲಸ ಉಡಿಗಾಲ ಊರಿನವರೊಬ್ಬರಿಗೆ ಸಿಕ್ಕಿತು. ಸರಿಯಾಗಿಯೇ ಸಿಕ್ಕಿತು.

ಈಗ ಆ ಪಾಠ ಬಂದಾಗ ನನ್ನದೇ ದನಿಯಲ್ಲಿ ಹೇಳುತ್ತೇನೆ. ತೆಳು ದನಿ, ಕೇಳಲು ಅಷ್ಟೇನೂ ಸೊಗಸಿಲ್ಲ, ಮಕ್ಕಳು ಆಕಳಿಸುತ್ತಾರೆ. ಇವತ್ತೂ ಆಕಳಿಸಿದರು. ಚಿತ್ರ ಮುಗಿಸಿ ಕೈ ಒರೆಸಿಕೊಂಡು ಬೆಂಚುಗಳ ನಡುವೆ ನಡೆದೆ. ಎರಡೂ ಸೇರಿವೆ ಎಂದು ಹೇಳಿದ್ದೆನಲ್ಲ, ಯಾರ ಯಾರ ಹಾಳೆಯಲ್ಲಿ ಸೇರಿವೆ ಎಂದು ಒಂದೊಂದನ್ನೇ ಬಗ್ಗಿ ನೋಡಿದೆ.